ಸಂಚಕಾರ (ಖರೀದಿಯ ಮುಂಗಡ ಹಣ) ಕೊಡುವ ಮೊದಲು ಮಾರುವವರ ಹತ್ತಿರ ಏನೇನು ಬರೆಸಿಕೊಳ್ಳಬೇಕು?

ಕುಸುಗಲ್ ರೋಡ್ ಬಾಡಿಗೆದಾರ:

ನಮಸ್ಕಾರ ಎಲ್ಲರಿಗೂ. ಹನ್ನೊಂದು ವರ್ಷ ಬಾಡಿಗೆ ಕಟ್ಟಿದ ಮೇಲೆ ಕೊನೆಗೂ ಒಂದು ಮನೆ ಮನಸ್ಸಿಗೆ ಬಂದಿದೆ. ಹುಬ್ಬಳ್ಳಿಯಲ್ಲೇ, ಕುಸುಗಲ್ ರಸ್ತೆ ಕಡೆ. 30-40 ಸೈಟು, ಕೆಳಗೊಂದು ಮೇಲೊಂದು ಮನೆ, ಕಟ್ಟಿ ಹದಿನಾಲ್ಕು ವರ್ಷ. ಸೈಟು ಕೊಂಡು ಕಟ್ಟಿಸಿದವರು ತೀರಿಕೊಂಡು ನಾಲ್ಕು ವರ್ಷವಾಯಿತು. ಈಗ ಖಾತೆ ಮಗನ ಹೆಸರಲ್ಲಿದೆ. ಮಗ ಪುಣೆಯಲ್ಲಿ, ತಾಯಿ ಕೆಳಗಿನ ಮನೆಯಲ್ಲಿ, ಮೇಲೆ ಬಾಡಿಗೆದಾರರು.

ಏಜೆಂಟ್ ಒಂದೇ ಸಮನೆ ಗಡಿಬಿಡಿ ಮಾಡುತ್ತಿದ್ದಾನೆ. "ಶನಿವಾರ ಅಮಾಸಿ ಐತ್ರಿ, ಶುಕ್ರವಾರನ ಎರಡು ಲಕ್ಷ ಸಂಚಕಾರ ಕೊಟ್ಟಬಿಡ್ರಿ, ಇನ್ನೊಂದು ಪಾರ್ಟಿ ಕಾಯಾಕತ್ತೈತಿ." ಆ ಇನ್ನೊಂದು ಪಾರ್ಟಿ ಊರಿನ ಎಲ್ಲ ಮನೆಗೂ ಕಾಯುತ್ತಿರುತ್ತದೆ, ಅದು ಬೇರೆ ಮಾತು.

ನನ್ನ ತಲೆನೋವು ಒಂದು ಗೋಡೆ. ಹಾಲ್‌ನ ಮೂರು ಗೋಡೆಗೆ ಹಳೇ ಕ್ರೀಮ್ ಬಣ್ಣ, ಸ್ವಿಚ್ ಬೋರ್ಡಿನ ಸುತ್ತ ಕೈ ಮುಟ್ಟಿ ಮುಟ್ಟಿ ಕಪ್ಪಾಗಿದೆ. ನಾಲ್ಕನೆಯದಕ್ಕೆ ಮಾತ್ರ ಹೊಸ ಬಣ್ಣ. ವಾಸನೆ ಕೂಡ ಹೋಗಿಲ್ಲ. ಆ ಗೋಡೆಗೆ ಒತ್ತಿ ಟ್ರೆಜರಿ (ಬಟ್ಟೆಬರೆ ಇಡುವ ಕಪಾಟು) ನಿಲ್ಲಿಸಿದ್ದಾರೆ. "ಹಾಲ್‌ನಲ್ಲಿ ಟ್ರೆಜರಿ ಯಾರು ಇಡ್ತಾರ್ರೀ?" ಅಂತ ನನ್ನ ಹೆಂಡತಿ ಹೊರಗೆ ಬಂದ ಮೇಲೆ ಕೇಳಿದಳು. ಮಗನಿಗೆ ಫೋನ್‌ನಲ್ಲಿ ಕೇಳಿದರೆ, ಪೇಂಟ್ ಉಳಿದಿತ್ತು, ಹಚ್ಚಿಸಿದೆವು ಅಂದರು.

ಮಾರುವವರು ಮನೆಯ ಕೊರತೆಯನ್ನು ತಾವಾಗಿಯೇ ಹೇಳಬೇಕು ಅಂತ ನಮ್ಮಲ್ಲಿ ಏನಾದರೂ ಕಾನೂನು ಇದೆಯಾ? ಅಮೆರಿಕದಲ್ಲಿ ಇದಕ್ಕೆ ಫಾರ್ಮೇ ಇದೆ ಅಂತ ಕೇಳಿದ್ದೇನೆ.

ಬಾಂಡ್ ರೈಟರ್ ಕಾಕಾ:

ತಮ್ಮಾ, ಸಬ್ ರಿಜಿಸ್ಟ್ರಾರ್ ಕಚೇರಿ ಮುಂದೆ ಮೂವತ್ತು ವರ್ಷ ಟೈಪ್ ಮಾಡಿದವನು ನಾನು. ಪ್ರತಿ ಸಂಚಕಾರ ಪತ್ರದಲ್ಲೂ ಒಂದು ಸಾಲು ಇರುತ್ತದೆ: "ಸದರಿ ಸ್ವತ್ತಿನ ಮೇಲೆ ಯಾವುದೇ ಬೋಜಾ, ತಂಟೆ ತಕರಾರು ಇರುವುದಿಲ್ಲ." ಬೋಜಾ ಅಂದರೆ ಸಾಲದ ಹೊರೆ. ಆ ಸಾಲನ್ನು ಸಾವಿರಾರು ಸಲ ಟೈಪ್ ಮಾಡಿದ್ದೇನೆ. ಹೌದೇನ್ರಿ ಅಂತ ಮಾರುವವರನ್ನು ಒಂದು ಸಲವೂ ಕೇಳಲಿಲ್ಲ. ಕೊಳ್ಳುವವರೂ ಕೇಳುತ್ತಿರಲಿಲ್ಲ. ಮಾದರಿಯಲ್ಲಿ ಇತ್ತು, ಬಂತು.

ನೀವಾದರೂ ಕೇಳಿ. ದುಡ್ಡು ಕೊಡುವ ಮೊದಲು ಕೇಳಿ. ಸಂಚಕಾರ ಕೈಗೆ ಹೋದ ಮೇಲೆ ನೀವು ಕೇಳುವವರಲ್ಲ, ಕಾಡುವವರು.

ಕಪ್ಪು ಕೋಟು:

ಕಾನೂನು ಇದೆ, ಹಳೆಯದು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ. ಆಸ್ತಿಯಲ್ಲೋ ಹಕ್ಕಿನಲ್ಲೋ ದೊಡ್ಡ ದೋಷ ಇದ್ದು, ಅದು ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನಿಗೆ ಗೊತ್ತಿಲ್ಲದೆ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಸಿಗದಂಥದ್ದಾದರೆ ಮಾರುವವನು ಹೇಳಲೇಬೇಕು. ಹೇಳದೆ ಬಿಟ್ಟರೆ ಅದು ಮೋಸ ಅಂತ ಅದೇ ಕಲಮಿನಲ್ಲಿದೆ. ಕೇಳಿದರೆ ಹಕ್ಕಿನ ಕಾಗದಪತ್ರ ತೋರಿಸಬೇಕು. ಆಸ್ತಿ ಬಗ್ಗೆ ಕೇಳಿದ ಪ್ರಶ್ನೆಗೆ ತನಗೆ ತಿಳಿದಷ್ಟು ಉತ್ತರ ಕೊಡಬೇಕು.

ಆದರೆ ಆ "ಸಾಮಾನ್ಯ ಎಚ್ಚರಿಕೆ" ಅನ್ನುವ ಎರಡು ಶಬ್ದದಲ್ಲೇ ಕೊಳ್ಳುವವರು ಸಿಕ್ಕಿಬೀಳುವುದು. ರಿಜಿಸ್ಟರ್ ಆದ ಕಾಗದದಲ್ಲಿ ಇದ್ದರೆ ಅದು ನಿಮಗೆ ಗೊತ್ತಿತ್ತು ಅಂತಲೇ ಲೆಕ್ಕ, ನೀವು ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿರಲಿ ಬಿಡಲಿ. ಮನೆಯಲ್ಲಿ ಬೇರೆಯವರು ವಾಸ ಇದ್ದರೆ ಅವರಿಗೆ ಇರುವ ಹಕ್ಕೂ ನಿಮಗೆ ಗೊತ್ತಿತ್ತು ಅಂತ ಲೆಕ್ಕ. ಆದ್ದರಿಂದ ಮೇಲಿನ ಮನೆಯ ಬಾಡಿಗೆದಾರರನ್ನು ನೀವೇ ಹೋಗಿ ಮಾತಾಡಿಸಿ. ಎಷ್ಟು ಡಿಪಾಸಿಟ್ ಕೊಟ್ಟಿದ್ದಾರೆ, ಕರಾರು ಎಲ್ಲಿಯವರೆಗೆ ಇದೆ, ಅವರ ಬಾಯಿಂದಲೇ ಕೇಳಿ.

ಇನ್ನೊಂದು. ಕರಾರಿನಲ್ಲಿ ಬೇರೆ ರೀತಿ ಒಪ್ಪಿಕೊಂಡರೆ 55ನೇ ಕಲಂ ನಿಮ್ಮ ಕೈ ಹಿಡಿಯುವುದಿಲ್ಲ. "ಸ್ವತ್ತನ್ನು ಕೂಲಂಕಷ ಪರಿಶೀಲಿಸಿ ಇದ್ದ ಸ್ಥಿತಿಯಲ್ಲೇ ಒಪ್ಪಿರುತ್ತೇನೆ" ಅಂತ ಒಂದು ಸಾಲು ನುಸುಳಿರುತ್ತದೆ, ನೋಡಿಕೊಳ್ಳಿ.

ನಮ್ಮಲ್ಲಿ ಸರ್ಕಾರಿ ಫಾರ್ಮ್ ಇಲ್ಲ, ನಿಜ. ಪ್ರಶ್ನೆಗೆ ಉತ್ತರ ಕೊಡಲೇಬೇಕು ಅಂತ ಕಾನೂನು ಹೇಳಿರುವಾಗ ಫಾರ್ಮ್ ಯಾಕೆ ಬೇಕು? ಒಂದು ಹಾಳೆಯಲ್ಲಿ ಪ್ರಶ್ನೆ ಬರೆದು ಕೊಡಿ, ಉತ್ತರ ಬರೆಸಿ ಸಹಿ ತೆಗೆದುಕೊಳ್ಳಿ. ನಾಳೆ ಉತ್ತರ ಸುಳ್ಳಾದರೆ 1872ರ ಕರಾರು ಕಾಯ್ದೆ ಪ್ರಕಾರ ಕರಾರನ್ನೇ ರದ್ದು ಮಾಡಿಸಲು ಆ ಹಾಳೆ ಸಾಕ್ಷಿ. ಬಾಯಿಮಾತಿಗೆ ಎಲ್ಲಿಂದ ಸಾಕ್ಷಿ ತರುತ್ತೀರಿ?

ಡಲ್ಲಾಸ್‌ನ ಧಾರವಾಡದವ:

ನಾನು ಇಲ್ಲಿ ಟೆಕ್ಸಾಸ್‌ನಲ್ಲಿ ಒಂದು ಮನೆ ಕೊಂಡಿದ್ದೇನೆ, ಒಂದು ಮಾರಿದ್ದೇನೆ. ಆ ಫಾರ್ಮ್ ಎರಡೂ ಕಡೆಯಿಂದ ನೋಡಿದ್ದೇನೆ. ಇಲ್ಲಿನ ಪ್ರಾಪರ್ಟಿ ಕೋಡ್‌ನಲ್ಲಿ 5.008 ಅಂತ ಒಂದು ಸೆಕ್ಷನ್. ಹಳೆ ಮನೆ ಮಾರುವವರು ಕರಾರು ಜಾರಿಗೆ ಬರುವ ದಿನದೊಳಗೆ ಈ ಹಾಳೆಗಳನ್ನು ಕೊಡಬೇಕು. ಕೊಡದೆ ಕರಾರು ಆದರೆ, ಹಾಳೆ ಕೈಗೆ ಬಂದ ಮೇಲೆ ಏಳು ದಿನದೊಳಗೆ ಕೊಳ್ಳುವವರು ಏನೂ ಕಾರಣ ಹೇಳದೆ ಹಿಂದೆ ಸರಿಯಬಹುದು. ನಡುಗಿಸುವುದು ಈ ಏಳು ದಿನವೇ. ಅದಕ್ಕೇ ಎಲ್ಲರೂ ಮೊದಲೇ ಕೊಡುತ್ತಾರೆ.

ಒಳಗೆ ಉದ್ದ ಪಟ್ಟಿ. ಛಾವಣಿ, ಪ್ಲಂಬಿಂಗ್, ಗೆದ್ದಲು, ಹಿಂದೆ ಬೆಂಕಿ ಬಿದ್ದಿತ್ತಾ, ನೀರು ನುಗ್ಗಿತ್ತಾ. 2017ರಲ್ಲಿ ಹಾರ್ವಿ ಚಂಡಮಾರುತ ಹೂಸ್ಟನ್ನನ್ನು ಮುಳುಗಿಸಿದ ಮೇಲೆ, 2019ರಲ್ಲಿ ನೆರೆ ಬಗ್ಗೆ ಪ್ರಶ್ನೆ ಜಾಸ್ತಿ ಮಾಡಿದರು. "ಗೊತ್ತಿಲ್ಲ" ಅಂತ ಬರೆಯಲೂ ಜಾಗ ಇದೆ. ಮಾರುವವರು ಇಂಜಿನಿಯರ್ ಕರೆಸಿ ಹುಡುಕಿಸಬೇಕಾಗಿಲ್ಲ, ತಮಗೆ ತಿಳಿದದ್ದನ್ನು ಬಚ್ಚಿಡಬಾರದು, ಅಷ್ಟೇ. 55ನೇ ಕಲಮಿನ ಮಾತೂ ಹತ್ತಿರ ಹತ್ತಿರ ಅದೇ ಅಲ್ವಾ?

ಮಜಾ ಅಂದರೆ ಡಲ್ಲಾಸ್ ಸುತ್ತಮುತ್ತಲಿನ ಮಣ್ಣು ನಮ್ಮ ಎರೆಮಣ್ಣಿನ ಅಣ್ಣತಮ್ಮ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಇಲ್ಲಿ ಬೇಸಿಗೆಯಲ್ಲಿ ಮನೆ ಸುತ್ತ ಪೈಪ್ ಹಾಸಿ ತಳಪಾಯಕ್ಕೆ ನೀರು ಬಿಡುತ್ತಾರೆ, ಗಿಡಕ್ಕೆ ಬಿಟ್ಟ ಹಾಗೆ. ಹಿಂದೆ ತಳಪಾಯ ರಿಪೇರಿ ಮಾಡಿಸಿದ್ದೀರಾ ಅನ್ನುವುದು ಆ ಫಾರ್ಮಿನಲ್ಲಿ ಜನ ಮೊದಲು ಕಣ್ಣು ಹಾಕುವ ಜಾಗ. ನಿಮ್ಮ ಟ್ರೆಜರಿ ಕಥೆ ಓದಿದಾಗ ನನಗೆ ಮೊದಲು ಹೊಳೆದದ್ದೂ ಅದೇ.

ಗೋಕುಲ ರೋಡ್ ಏಜೆಂಟ್:

ಎಲ್ಲರೂ ಏಜೆಂಟರಿಗೇ ಬೈಯಿರಿ, ಪರವಾಗಿಲ್ಲ. ಆದರೆ ನಿಜ ಹೇಳುತ್ತೇನೆ. ಇಪ್ಪತ್ತು ಪ್ರಶ್ನೆಯ ಹಾಳೆ ಹಿಡಿದು ಹೋದರೆ ಮಾರುವವರು "ಇವರು ಕೊಳ್ಳಾಕ ಬಂದಾರೋ ಪೊಲೀಸ್ ಪಂಚನಾಮಾ ಮಾಡಾಕ ಬಂದಾರೋ" ಅನ್ನುತ್ತಾರೆ. ಮನೆ ಬೇರೆಯವರಿಗೆ ಹೋಗುತ್ತದೆ. ಡಲ್ಲಾಸ್ ಡಲ್ಲಾಸೇ, ದುರ್ಗದಬೈಲು ದುರ್ಗದಬೈಲೇ.

ಬಾಂಡ್ ರೈಟರ್ ಕಾಕಾ:

ಏಜೆಂಟ್ ಸಾಹೇಬ್ರ, ಹೇಳುವ ರೀತಿ ಅಂತ ಒಂದು ಇರುತ್ತದಲ್ಲ. "ಬ್ಯಾಂಕಿನವರು ಕೇಳುತ್ತಾರೆ, ಸ್ವಲ್ಪ ಬರೆದುಕೊಡ್ರಿ" ಅಂದರೆ ಎಲ್ಲರೂ ಕೊಡುತ್ತಾರೆ. ಬ್ಯಾಂಕಿನ ಹೆಸರು ಹೇಳಿದರೆ ನಮ್ಮ ಜನಕ್ಕೆ ಸಿಟ್ಟು ಬರುವುದಿಲ್ಲ.

ಗದಗದ ತಂಗಿ:

ಏಜೆಂಟ್ ಅಣ್ಣಾವ್ರೇ, ಪಂಚನಾಮೆ ಆಗದಿದ್ದರೆ ಏನಾಗುತ್ತದೆ ಅಂತ ನಾನು ಹೇಳುತ್ತೇನೆ. ನಾನು ಕೊಳ್ಳುವವಳೂ ಅಲ್ಲ, ಮಾರುವವಳೂ ಅಲ್ಲ. ನಡುವೆ ಮರೆತುಹೋದವಳು.

ಅಪ್ಪ ತೀರಿಕೊಂಡಾಗ ವಾರಸಾ (ಖಾತೆಯನ್ನು ವಾರಸುದಾರರ ಹೆಸರಿಗೆ) ಮಾಡಿಸುವುದಕ್ಕೆ ಅಂತ ಅಣ್ಣ ಒಂದು ಒಪ್ಪಿಗೆ ಪತ್ರಕ್ಕೆ ಸಹಿ ತೆಗೆದುಕೊಂಡರು. "ಖಾತೆ ಒಬ್ಬರ ಹೆಸರಿಗೆ ಇದ್ದರ ಕರ ತುಂಬಾಕ ಸರಳ ಆಕ್ಕೈತಿ" ಅಂದರು. ಮಾಡಿದೆ. ಎರಡು ವರ್ಷ ಬಿಟ್ಟು ಶ್ರಾವಣದಲ್ಲಿ ತವರಿಗೆ ಹೋದರೆ ಗೇಟಿಗೆ ಬೇರೆ ಬೀಗ. ಒಳಗಿನಿಂದ ಒಬ್ಬ ಹೆಣ್ಣುಮಗಳು ಬಂದು, ಯಾರು ಬೇಕಾಗಿತ್ತು ಅಂದಳು. ನಾನು ಹುಟ್ಟಿ ಬೆಳೆದ ಮನೆ ಅದು.

ದಾವಾ ಹಾಕಿದೆ. ಆ ಹೆಣ್ಣುಮಗಳ ಗಂಡ ಸಾಲ ಮಾಡಿ ಕೊಂಡಿದ್ದರು, ಪಾಪ. "ತಂಗಿ ಅದಾಳ ಅಂತ ಯಾರೂ ಹೇಳಲಿಲ್ರಿ" ಅಂತ ಕೋರ್ಟ್ ವರಾಂಡದಲ್ಲಿ ನನ್ನ ಮುಂದೆಯೇ ಅತ್ತರು. ಮೋಸ ಹೋದವರು ನಾವಿಬ್ಬರೂ, ಕೋರ್ಟಿನಲ್ಲಿ ಎದುರುಬದುರು ನಿಂತವರೂ ನಾವಿಬ್ಬರೇ.

ಕುಸುಗಲ್ ರೋಡ್ ಅಣ್ಣಾವ್ರೇ, ಆ ಮನೆಗೆ ಹೆಣ್ಣುಮಕ್ಕಳು ಇದ್ದಾರಾ?

ಕಪ್ಪು ಕೋಟು:

ಅಕ್ಕಾವ್ರೇ, ಇದನ್ನು ಬರೆದದ್ದಕ್ಕೆ ಧನ್ಯವಾದ. ನಾನು ಬರೆಯಬೇಕಾಗಿದ್ದ ಅರ್ಧ ಇದರಲ್ಲೇ ಇದೆ.

ಉಳಿದರ್ಧ: ಖಾತೆ ಅಂದರೆ ಕರ ಯಾರು ಕಟ್ಟುತ್ತಾರೆ ಅನ್ನುವ ದಾಖಲೆ. ಅದರಿಂದ ಒಡೆತನ ಹುಟ್ಟುವುದಿಲ್ಲ. ಹಿಂದೂ ಗಂಡಸು ತಾನೇ ಸಂಪಾದಿಸಿದ ಆಸ್ತಿಯನ್ನು ಮೃತ್ಯುಪತ್ರ ಬರೆಯದೆ ಬಿಟ್ಟು ತೀರಿಕೊಂಡರೆ, 1956ರ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿ, ಮಗ, ಮಗಳು, ತಾಯಿ ಇದ್ದರೆ ತಾಯಿ, ಎಲ್ಲರಿಗೂ ಸಮ ಪಾಲು. ಪಿತ್ರಾರ್ಜಿತವಾದರೆ 2005ರ ತಿದ್ದುಪಡಿ ಮೇಲೆ ಮಗಳಿಗೂ ಹುಟ್ಟಿನಿಂದಲೇ ಹಕ್ಕು. 2005ರಲ್ಲಿ ಅಪ್ಪ ಬದುಕಿರಬೇಕಿತ್ತಾ ಅನ್ನುವ ಗೊಂದಲವನ್ನೂ ಸುಪ್ರೀಂ ಕೋರ್ಟ್ 2020ರಲ್ಲಿ ತೆಗೆದುಹಾಕಿತು, ಬೇಕಾಗಿಲ್ಲ ಅಂತ. ವಾರಸಾಕ್ಕೆ ಕೊಟ್ಟ ಒಪ್ಪಿಗೆಯಿಂದ ಪಾಲು ಹೋಗುವುದಿಲ್ಲ. ಬಿಡುವುದಾದರೆ ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಆಗಿರಬೇಕು. ಇಲ್ಲವೇ ಎಲ್ಲರೂ ಬಂದು ಖರೀದಿ ಪತ್ರಕ್ಕೆ ಸಹಿ ಹಾಕಬೇಕು.

ಇದು ಇಸಿಯಲ್ಲಿ ಕಾಣುವುದಿಲ್ಲ. ಇಸಿ ಅಂದರೆ ರಿಜಿಸ್ಟರ್ ಆದ ವ್ಯವಹಾರಗಳ ಪಟ್ಟಿ, ಅಷ್ಟೇ. ಸತ್ತವರ ಮಕ್ಕಳೆಷ್ಟು ಅಂತ ಅದಕ್ಕೆ ಗೊತ್ತಿಲ್ಲ. ನಡೆಯುತ್ತಿರುವ ವಾಟ್ನಿ ದಾವಾ (ಆಸ್ತಿ ಪಾಲಿನ ಕೇಸ್) ಕೂಡ ಸಾಮಾನ್ಯವಾಗಿ ಅದರಲ್ಲಿ ಗೊತ್ತಾಗುವುದಿಲ್ಲ. ಕೇಸ್ ನಡೆಯುವಾಗ ಕೊಂಡರೆ ತೀರ್ಪು ನಿಮ್ಮ ಮೇಲೂ ಬೀಳುತ್ತದೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಮಾರುವವರ ಹೆಸರು ಹಾಕಿ, ಒಂದೊಂದೇ ವರ್ಷ ಬದಲಿಸಿ ಹುಡುಕಿ. ಹುಬ್ಬಳ್ಳಿ, ಧಾರವಾಡ ಎರಡೂ ಕಡೆ. ಅರ್ಧ ಗಂಟೆ ಕೆಲಸ.

ಬಾಂಡ್ ರೈಟರ್ ಕಾಕಾ:

ರಿಜಿಸ್ಟರ್ ಮಾಡಿಸದ ಸಂಚಕಾರವೂ ಇಸಿಯಲ್ಲಿ ಇರುವುದಿಲ್ಲ. ಒಂದೇ ಮನೆಗೆ ಮೂವರ ಹತ್ತಿರ ಸಂಚಕಾರ ತೆಗೆದುಕೊಂಡವರನ್ನು ನೋಡಿದ್ದೇನೆ. ಮೂವರಿಗೂ ಬರೆದುಕೊಟ್ಟವನು ನಾನೇ ಅಲ್ಲ, ಅಷ್ಟೇ ಸಮಾಧಾನ. "ಈ ಮೊದಲು ಯಾರ ಹತ್ತಿರವಾದರೂ ಸಂಚಕಾರ ಪಡೆದಿದ್ದೀರಾ" ಅಂತ ನೇರವಾಗಿ ಕೇಳಿ ಬರೆಸಿ.

ಕಾಲಂ ಬೀಮ್:

ಗೋಡೆ ವಿಷಯಕ್ಕೆ ಬರೋಣ. ನಾನು ಸಿವಿಲ್ ಇಂಜಿನಿಯರ್, ಹುಬ್ಬಳ್ಳಿ ಪೂರ್ವದ ಎರೆಮಣ್ಣಿನಲ್ಲೇ ಕೂದಲು ಬೆಳ್ಳಗಾಗಿದೆ.

ಟ್ರೆಜರಿ ಸರಿಸಲು ಹೇಳಿ. ಸರಿಸಲು ಆಗುವುದಿಲ್ಲ ಅಂದರೆ ಅದೂ ಒಂದು ಉತ್ತರವೇ. ಹೊಸ ಪುಟ್ಟಿ ಹಾಕಿದ ಜಾಗ ಬೆರಳಿನ ಗೆಣ್ಣಿನಿಂದ ತಟ್ಟಿದರೆ ಸದ್ದು ಬೇರೆ ಬರುತ್ತದೆ. ಮೊಬೈಲ್ ಟಾರ್ಚನ್ನು ಗೋಡೆಗೆ ಒರಗಿಸಿ ಅಡ್ಡ ಹಿಡಿಯಿರಿ, ಸಣ್ಣ ಉಬ್ಬು ತಗ್ಗೂ ನೆರಳು ಬೀಳುತ್ತದೆ. ಆಮೇಲೆ ಅದೇ ಗೋಡೆಯ ಹೊರಗಿನ ಮೈ ನೋಡಿ. ಒಳಗೆ ಬಣ್ಣ ಹಚ್ಚಿದವರು ಹೊರಗೆ ಹಚ್ಚಿರುವುದಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರಿದ ಬಿರುಕು, ಒಂದು ಕಡೆ ಅಗಲ ಇನ್ನೊಂದು ಕಡೆ ಸಪೂರ ಇದ್ದರೆ, ತಳ ಕದಲಿದೆ ಅಂತ ಅನುಮಾನ ಪಡಿ. ಕೂದಲೆಳೆಯಷ್ಟು ಬಿರುಕು ಪ್ಲಾಸ್ಟರಿನದು, ತಲೆ ಕೆಡಿಸಿಕೊಳ್ಳಬೇಡಿ. ರೂಪಾಯಿ ನಾಣ್ಯದ ಅಂಚು ಒಳಗೆ ಹೋದರೆ ಇಂಜಿನಿಯರ್ ಕರೆಸಿ.

ಎರೆಮಣ್ಣಿನ ಬಿರುಕು ಋತು ನೋಡಿ ಬರುತ್ತದೆ. ಏಪ್ರಿಲ್‌ನಲ್ಲಿ ಬಾಯಿ ಬಿಡುತ್ತದೆ, ಆಗಸ್ಟ್‌ನಲ್ಲಿ ಮುಚ್ಚುತ್ತದೆ. ಮಳೆಗಾಲದಲ್ಲಿ ಮನೆ ನೋಡಿ ಖುಷಿಪಟ್ಟವರು ಬೇಸಿಗೆಗೆ ನನಗೆ ಫೋನ್ ಮಾಡುತ್ತಾರೆ. ಸಂಪ್ ಎಲ್ಲಿದೆ ನೋಡಿ. ಅದು ಆ ಗೋಡೆ ಪಕ್ಕದಲ್ಲೇ ಇದ್ದು ಸೋರುತ್ತಿದ್ದರೆ ಕಥೆ ಅಲ್ಲಿಗೆ ತಿಳಿಯಿತು. ಬರೆಸಿಕೊಳ್ಳಬೇಕಾದ್ದು: ತಳಪಾಯ ಎಷ್ಟು ಆಳ, ಪಿಲ್ಲರ್ ಇದೆಯೋ ಬರೀ ಗೋಡೆಯ ಮೇಲೆ ನಿಂತಿದೆಯೋ, ಮೇಲಿನ ಮನೆ ಮೊದಲೇ ಲೆಕ್ಕ ಹಾಕಿದ್ದೋ ಆಮೇಲೆ ಏರಿಸಿದ್ದೋ, ಮಂಜೂರಾದ ನಕ್ಷೆಯಲ್ಲಿ ಇದೆಯೋ ಇಲ್ಲವೋ.

2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಒಂದೆರಡು ತಿಂಗಳು ಸಿಕ್ಕವರೆಲ್ಲ ಪಿಲ್ಲರ್ ಬಗ್ಗೆ ಕೇಳುತ್ತಿದ್ದರು. ಆಮೇಲೆ ಮತ್ತೆ ಟೈಲ್ಸಿನ ಬಣ್ಣಕ್ಕೆ ಬಂದರು.

ಕುಸುಗಲ್ ರೋಡ್ ಬಾಡಿಗೆದಾರ:

ಇಷ್ಟೆಲ್ಲ ಬರುತ್ತದೆ ಅಂದುಕೊಂಡಿರಲಿಲ್ಲ. ಹೆಣ್ಣುಮಕ್ಕಳ ಬಗ್ಗೆ ನಾನು ಕೇಳಿಯೇ ಇಲ್ಲ. ಕೇಳುತ್ತೇನೆ. ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ದೂರು ಕೊಡಬಹುದು ಅಂತ ಆಫೀಸಿನಲ್ಲಿ ಒಬ್ಬರು ಅಂದರು, ಅದು ಇದಕ್ಕೆ ಬರುತ್ತದಾ?

ಕಪ್ಪು ಕೋಟು:

ಬರುವುದಿಲ್ಲ. 2016ರ ರೇರಾ ಕಾಯ್ದೆ ಬಿಲ್ಡರ್‌ಗಳ ಪ್ರಾಜೆಕ್ಟಿಗೆ. ಅವು ನೋಂದಣಿ ಆಗಬೇಕು; 500 ಚದರ ಮೀಟರ್ ಮೀರದ ಜಾಗಕ್ಕೆ, ಇಲ್ಲವೇ ಎಂಟು ಮೀರದ ಫ್ಲ್ಯಾಟಿಗೆ ವಿನಾಯಿತಿ. ಅಲ್ಲಿ ಸೌಲಭ್ಯ ಚೆನ್ನಾಗಿದೆ. ಕರಾರು ರಿಜಿಸ್ಟರ್ ಮಾಡದೆ ಶೇ. 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದ ದೋಷ ಕಂಡರೆ ಬಿಲ್ಡರೇ ಸರಿಪಡಿಸಬೇಕು. ಒಬ್ಬರು ಇನ್ನೊಬ್ಬರಿಗೆ ಮಾರುವ ಹಳೆ ಮನೆಗೆ ಇದು ಯಾವುದೂ ಇಲ್ಲ. ನಿಮಗೆ ಆ ಹಳೇ 55ನೇ ಕಲಮೇ ಗತಿ.

ಮಾರಿ ಕೂತವನು:

ಒಂದು ಮಾತು ಮಾರುವವರ ಕಡೆಯಿಂದ. ಹೋದ ವರ್ಷ ನವನಗರದ ಮನೆ ಮಾರಿದೆ. ಮಳೆಗಾಲದಲ್ಲಿ ಬಚ್ಚಲು ಮನೆಯ ಸ್ಲ್ಯಾಬ್ ಸೋರುತ್ತದೆ, ಹಿಂದಿನ ಮನೆಯವರು ಕಾಂಪೌಂಡ್ ಬಗ್ಗೆ ಒಮ್ಮೆ ಜಗಳ ತೆಗೆದಿದ್ದರು ಅಂತ ನಾನೇ ಹೇಳಿದೆ. ಕೊಳ್ಳುವವರು ನಾನು ಏನೋ ದೊಡ್ಡದು ಮುಚ್ಚಿಡುತ್ತಿದ್ದೇನೆ ಅಂತ ಅನುಮಾನಪಟ್ಟು ಓಡಿಹೋದರು! ಇಷ್ಟು ತಾನಾಗಿ ಹೇಳುವವನು ಇನ್ನೆಷ್ಟು ಇಟ್ಟುಕೊಂಡಿರಬೇಕು ಅಂತ. ಎರಡನೆಯವರು ನಕ್ಕು ನಲವತ್ತು ಸಾವಿರ ಕಡಿಮೆ ಮಾಡಿಸಿಕೊಂಡು ಕೊಂಡರು. ಈಗಲೂ ದೀಪಾವಳಿಗೆ ಫರಾಳ ಕಳಿಸುತ್ತಾರೆ.

ಡಲ್ಲಾಸ್‌ನ ಧಾರವಾಡದವ:

ಹ್ಹಹ್ಹ. ಎಲ್ಲರೂ ಹೇಳಲೇಬೇಕು ಅಂತ ಇದ್ದರೆ ಹೇಳಿದವನ ಮೇಲೆ ಅನುಮಾನ ಬರುವುದಿಲ್ಲ. ಫಾರ್ಮಿನ ದೊಡ್ಡ ಉಪಯೋಗ ಅದು.

ಅಂದಹಾಗೆ ಟೆಕ್ಸಾಸ್‌ನಲ್ಲಿ, ಮನೆಯಲ್ಲಿ ಯಾರಾದರೂ ಸಹಜವಾಗಿ ಸತ್ತಿದ್ದರೆ ಅಥವಾ ಆತ್ಮಹತ್ಯೆ ಮಾಡಿಕೊಂಡಿದ್ದರೆ ಹೇಳಬೇಕಾಗಿಲ್ಲ ಅಂತ ಕಾನೂನಿನಲ್ಲೇ ಬರೆದಿದೆ.

ಬಾಂಡ್ ರೈಟರ್ ಕಾಕಾ:

ನಮ್ಮಲ್ಲಿ ಮೊದಲ ಪ್ರಶ್ನೆಯೇ ಅದು. ಎರಡನೆಯದು ಬಾಗಿಲು ಯಾವ ದಿಕ್ಕಿಗೆ. ಹಕ್ಕಿನ ಕಾಗದ ಹನ್ನೊಂದನೆಯದು.

ನೀರಿನ ಬಿಲ್ಲು:

ಚಿಕ್ಕ ವಿಷಯ, ಆದರೆ ಜೇಬು ಸುಡುತ್ತದೆ. ನಾನು ಕೊಂಡ ಮನೆಯ ನೀರಿನ ಬಿಲ್ ವರ್ಷಗಟ್ಟಲೆ ಬಾಕಿ ಇತ್ತು, ಬಡ್ಡಿ ಬೇರೆ. ನಾನೇ ತುಂಬಿದೆ. ನೀರು, ಹೆಸ್ಕಾಂ ಕರೆಂಟು ಬಿಲ್, ಪಾಲಿಕೆ ಕರ, ಮೂರರ ಕೊನೆಯ ರಸೀದಿ ಕೇಳಿ. ನಳಕ್ಕೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತ ಪಕ್ಕದ ಮನೆಯವರನ್ನು ಕೇಳಿ, ಮಾರುವವರನ್ನಲ್ಲ.

ಕುಸುಗಲ್ ರೋಡ್ ಬಾಡಿಗೆದಾರ:

ಹತ್ತು ದಿನವಾಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ.

ಶುಕ್ರವಾರ ಸಂಚಕಾರ ಕೊಡಲಿಲ್ಲ. ಏಜೆಂಟ್ ಮುನಿಸಿಕೊಂಡ. ಅಮಾವಾಸ್ಯೆ ಬಂದು ಹೋಯಿತು, ಇನ್ನೊಂದು ಪಾರ್ಟಿ ಬರಲಿಲ್ಲ. ಭಾನುವಾರ ಮಗ ಪುಣೆಯಿಂದ ಬಂದಿದ್ದಾರೆ ಅಂತ ತಿಳಿದು ನಾವಿಬ್ಬರೂ ಹೋದೆವು. ಕಾಕಾ ಹೇಳಿದ ಹಾಗೆ ಬ್ಯಾಂಕಿನ ಹೆಸರು ಹೇಳಿ ಹಾಳೆ ಕೊಟ್ಟೆ. ಹದಿನಾಲ್ಕು ಪ್ರಶ್ನೆ. ಅವರು ಓದಿ, ಪೆನ್ ತೆಗೆದು ಒಂದೊಂದಕ್ಕೇ ಬರೆಯುತ್ತ ಹೋದರು. ಗೋಡೆಯ ಪ್ರಶ್ನೆಗೆ "ಯಾವುದೇ ತೊಂದರೆ ಇಲ್ಲ" ಅಂತ ಬರೆಯುತ್ತಿದ್ದಾಗ ತಾಯಿ ಚಹಾ ತಂದರು. ನನ್ನ ಹೆಂಡತಿ ಸುಮ್ನೆ, "ಇಲ್ಲೇ ಟ್ರೆಜರಿ ಇಟ್ಟೀರಲ್ರಿ ಅಮ್ಮಾ" ಅಂದಳು.

"ಹೂಂ ಯವ್ವಾ, ಆ ಗ್ವಾಡಿ ಸೀಳೇತಲ್ಲ. ಸಂಪ್ ಒಡದಾಗಿಂದ ಹಂಗ ಐತಿ. ನಮ್ಮ ಮನಿಯವರು ಇದ್ದಾಗ ಒಮ್ಮಿ ಮಾಡಿಸಿದ್ರು, ಮತ್ತ ಬಂತು."

ಮಗ ಪೆನ್ನಿನ ಮುಚ್ಚಳ ಹಾಕಿ ಹಾಳೆಯನ್ನೇ ನೋಡುತ್ತ ಕೂತರು. ನಾವು ಚಹಾ ಕುಡಿದೆವು. ಆಮೇಲೆ ಅವರು ಬರೆದದ್ದನ್ನು ಹೊಡೆದುಹಾಕಿ, ಸಂಪ್ ಸೋರಿ ಗೋಡೆ ಬಿರಿದಿದೆ, ಒಮ್ಮೆ ರಿಪೇರಿ ಆಗಿದೆ ಅಂತ ಬರೆದು ಪಕ್ಕದಲ್ಲಿ ಸಹಿ ಹಾಕಿದರು. ಕೆಟ್ಟವರಲ್ಲ. ಮಾರುವ ಅವಸರದಲ್ಲಿದ್ದರು.

ಒಂದು ಪ್ರಶ್ನೆ ಮಾತ್ರ ಖಾಲಿ ಬಿಟ್ಟರು. ಒಡಹುಟ್ಟಿದವರು ಎಷ್ಟು ಜನ ಅನ್ನುವುದು. ಅದನ್ನೂ ತಾಯಿಯೇ ತುಂಬಿದರು: ಹಾವೇರಿಗೆ ಕೊಟ್ಟ ಒಬ್ಬ ಮಗಳು ಇದ್ದಾಳೆ. ಆಕೆಗೆ ಮನೆ ಮಾರುವ ವಿಷಯ ಗೊತ್ತು, ಸಹಿ ಬೇಕಾಗುತ್ತದೆ ಅಂತ ಗೊತ್ತಿಲ್ಲ. ಪಾಲು ಎಷ್ಟು ಅಂತ ಮನೆಯಲ್ಲಿ ಮಾತೇ ಆಗಿರಲಿಲ್ಲವಂತೆ. ಅದು ಅವರ ಮನೆಯ ಮಾತು, ನಾವು ಎದ್ದು ಬಂದೆವು.

ಮೊನ್ನೆ ಮಗನೇ ಫೋನ್ ಮಾಡಿದ್ದರು. ತಾಯಿ, ಮಗಳು, ಮಗ ಮೂವರೂ ಸಂಚಕಾರ ಪತ್ರಕ್ಕೂ ಖರೀದಿ ಪತ್ರಕ್ಕೂ ಸಹಿ ಹಾಕುತ್ತಾರೆ. ದುಡ್ಡು ಮೂರು ಚೆಕ್ಕಿನಲ್ಲಿ ಬೇಕಂತೆ. ಗೋಡೆಗೆ ಅಂತ ಒಂದೂವರೆ ಲಕ್ಷ ಬಿಟ್ಟಿದ್ದಾರೆ. ಆ ಹಾಳೆಯನ್ನು ಕರಾರಿಗೆ ಲಗತ್ತಿಸಲು ವಕೀಲರಿಗೆ ಕೊಟ್ಟಿದ್ದೇನೆ. ಸಂಚಕಾರವನ್ನೂ ಈ ಸಲ ರಿಜಿಸ್ಟರ್ ಮಾಡಿಸುತ್ತೇವೆ.

ಗದಗದ ಅಕ್ಕಾವ್ರೇ, ನೀವು ಕೇಳದಿದ್ದರೆ ನಾನು ಆ ಪ್ರಶ್ನೆ ಬರೆಯುತ್ತಲೇ ಇರಲಿಲ್ಲ.

ಗದಗದ ತಂಗಿ:

ಮೂರು ಚೆಕ್ ಅಂದಿರಲ್ಲ, ಅದನ್ನು ಎರಡು ಸಲ ಓದಿದೆ.

ಕುಸುಗಲ್ ರೋಡ್ ಬಾಡಿಗೆದಾರ:

ಇನ್ನೊಂದು ಸಹಾಯ. ಎರೆಮಣ್ಣಿನ ತಳಪಾಯ ಗೊತ್ತಿರುವ, ಸಂಪ್ ಮೊದಲು ಸರಿಮಾಡಿ ಆಮೇಲೆ ಗೋಡೆಗೆ ಕೈ ಹಾಕುವ ಒಳ್ಳೆಯ ಗೌಂಡಿ ಕೇಶ್ವಾಪುರದ ಸುತ್ತ ಯಾರಾದರೂ ಇದ್ದಾರಾ? ಬರೀ ಪುಟ್ಟಿ ಹಚ್ಚುವವರು ಬೇಡ.

ಕಾಲಂ ಬೀಮ್:

ಇದ್ದಾರೆ. ಮೆಸೇಜ್ ಮಾಡುತ್ತೇನೆ. ಏಪ್ರಿಲ್‌ವರೆಗೆ ಕಾಯಿರಿ ಅನ್ನುತ್ತಾರೆ, ಜಗಳ ಮಾಡಬೇಡಿ. ಬಿರುಕು ಪೂರ್ತಿ ಬಾಯಿ ಬಿಟ್ಟ ಮೇಲೆ ನೋಡಬೇಕು ಅಂತ ಅವರ ಹಟ.